ನಾಲ್ಕು ಸೆಕೆಂಡಿನ ಒಪ್ಪಿಗೆ

ನೀರಿನೊಳಗಿಂದಲೂ ಅದು "ಅರ್ಥವಾಗುತ್ತದೆ" ಎನ್ನುತ್ತಲೇ ಇತ್ತು.

ನೆಲ ಒರೆಸುವ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಗಂಡಸು ಅದನ್ನು ಎರಡೂ ಕೈಯಿಂದ ತಳಕ್ಕೆ ಒತ್ತಿ ಹಿಡಿದಿದ್ದ. ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಬೂದು ನೀರಿನ ಮೇಲೆ ಗುಳ್ಳೆಗಳು ಏಳುತ್ತಿದ್ದವು. ಗುಳ್ಳೆಗಳ ಜೊತೆಗೆ ಒಂದು ಹೆಣ್ಣುದನಿಯೂ ಏಳುತ್ತಿತ್ತು. ಅರ್ಥವಾಗುತ್ತದೆ... ಮುಂದೆ ಹೇಳಿ... ಅರ್ಥವಾಗುತ್ತದೆ...

ಬಾಗಿಲಲ್ಲಿ ನಿಂತವಳು ಹೆಗಲ ಚೀಲ ಕೆಳಗಿಡುವುದನ್ನೂ ಮರೆತಳು.

"ಅದು ನೀರಿಗೆಲ್ಲ ಕೆಡಲ್ಲ," ಎಂದಳು.

ಅವನು ತಿರುಗಿ ನೋಡಲಿಲ್ಲ. "ಎಷ್ಟು ಹೊತ್ತು ತಡೆಯುತ್ತೆ?"

"ಅರ್ಧ ಗಂಟೆ."

"ಸರಿ. ಕಾಯ್ತೀನಿ."

ಹೀಗಿತ್ತು ಅವರ ಮೊದಲ ಭೇಟಿ. ಇಬ್ಬರಿಗೂ ಅಸಹ್ಯವಾಗಿತ್ತು. ಅವನಿಗೆ ಆ ಯಂತ್ರವನ್ನು ಕಂಡು, ಅವಳಿಗೆ ಅವನನ್ನು ಕಂಡು.

ಅವಳ ಕಂಪನಿ ಮಾಡುತ್ತಿದ್ದ ಆ ವಸ್ತುವಿನ ಹೆಸರು 'ಜೊತೆ'. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ಹೊಳೆಯ ಕಲ್ಲಿನಷ್ಟು ನುಣುಪು. ಒಂಟಿಯಾಗಿರುವವರು ಮಾತಾಡಿದರೆ ಕೇಳಿಸಿಕೊಳ್ಳುತ್ತದೆ, ನಡುನಡುವೆ ತಾನೂ ಎರಡು ಮಾತು ಸೇರಿಸುತ್ತದೆ. ಈ ಆರೈಕೆ ಕೇಂದ್ರದ ಹನ್ನೆರಡು ಹಾಸಿಗೆಗಳಿಗೂ ಒಂದೊಂದನ್ನು ಕೊಟ್ಟಿದ್ದರು. ಅವುಗಳಲ್ಲಿ ಒಂದು ಮಾತ್ರ ದಿನಕ್ಕೆ ಎರಡು ಮೂರು ಸಲ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಯಾಕೆಂದು ನೋಡಿ ಬಾ ಎಂದು ಅವಳನ್ನು ಕಳಿಸಿದ್ದರು.

ಕಾರಣ ಬಕೆಟ್ಟಿನ ಮುಂದೆ ಕೂತಿತ್ತು.

"ಇದನ್ನ ಮಾಡಿದ್ದು ನೀವಾ?"

"ಒಳಗಿನದು ಎಂಜಿನಿಯರ್‌ಗಳದ್ದು. ಜನ ಹೇಗೆ ಹಿಡೀಬೇಕು, ಏನು ಒತ್ತಬೇಕು, ಅದು ಯಾವಾಗ ಬಾಯಿ ತೆಗೀಬೇಕು, ಅದೆಲ್ಲ ನಾನು."

"ಹಾಗಾದ್ರೆ ಮೂಸಿ ನೋಡಿ."

ಅವನು ಅದನ್ನು ಎತ್ತಿ ಅವಳ ಮೂಗಿನ ಹತ್ತಿರ ಹಿಡಿದ. ನೆಲದ ನೀರಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಎಂಜಲು, ನೋವಿನ ಮುಲಾಮು, ಹಳಸಿದ ಹಾಲು. ಹದಿನೆಂಟು ಬಗೆಯ ರಬ್ಬರನ್ನು ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಂಡು, ಮನುಷ್ಯರ ಚರ್ಮಕ್ಕೆ ಅತಿ ಹತ್ತಿರವಾದದ್ದನ್ನು ಆರಿಸಿದವಳು ಅವಳೇ. ಆರಿಸಿದ ದಿನ ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಚರ್ಮದಂಥದ್ದು ಚರ್ಮದ ಹಾಗೆಯೇ ಕೊಳೆ ಹಿಡಿಯುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಅಂಚಿನ ಗೆರೆಯಲ್ಲಿ ಕರ್ರಗೆ ಏನೋ ಕೂತಿತ್ತು. ಅವಳು ಮುಖ ಹಿಂದಕ್ಕೆಳೆದುಕೊಂಡಳು.

ಅಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವನ ಕೆಲಸ. ಅವನಿಗೆ ಮೂವತ್ತನಾಲ್ಕು, ಅವನ ಶಿಷ್ಯರಿಗೆಲ್ಲ ಎಪ್ಪತ್ತರ ಮೇಲೆ.

ಆ ಯಂತ್ರವನ್ನು ಅಲ್ಲಿ ಎಲ್ಲರೂ ಕಲ್ಲು ಎನ್ನುತ್ತಿದ್ದರು. ಬಕೆಟ್ಟಿಗೆ ಬಿದ್ದದ್ದು ಟೆಲಿಫೋನ್ ಅಜ್ಜಿಯ ಕಲ್ಲು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ತಂತಿ ಚುಚ್ಚಿ, ಜನರನ್ನು ಜನರಿಗೆ ಜೋಡಿಸಿದ ಹೆಂಗಸು. ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು ಎರಡೇ ಶಬ್ದ: 'ನಂಬರ್ ಹೇಳಿ'. ಹಸಿವಾದರೂ ನಂಬರ್ ಹೇಳಿ. ಚಳಿಯಾದರೂ ನಂಬರ್ ಹೇಳಿ. ಮಗಳು ಬಂದು ತಬ್ಬಿಕೊಂಡಾಗಲೂ ನಂಬರ್ ಹೇಳಿ. ಮೇಷ್ಟ್ರು ಮೂರು ವಾರ ಒದ್ದಾಡಿ ಅವರ ಬಾಯಿಂದ 'ನೀರು' ಎನ್ನುವ ಒಂದು ಶಬ್ದ ಹೊರಡಿಸಿದ್ದ. ಆಮೇಲೆ ಈ ಕಲ್ಲು ಬಂತು. ಅಜ್ಜಿ ನಂಬರ್ ಹೇಳಿ ಎಂದರೆ ಅದು ಅರ್ಥವಾಗುತ್ತದೆ ಎನ್ನುತ್ತಿತ್ತು.

"ಏನು ಅರ್ಥ ಆಯ್ತಂತೆ ಅದಕ್ಕೆ?" ಅವನು ಕೈ ಒರೆಸಿಕೊಳ್ಳುತ್ತ ಕೇಳಿದ. "ವರ್ಷದಿಂದ ನೋಡ್ಕೊಳ್ತಿರೋ ನನಗೇ ಅರ್ಥ ಆಗಲ್ಲ."

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ, ನಾಳೆಯಿಂದ ನಿಮ್ಮ ಕೆಲಸ ಪಕ್ಕದಲ್ಲಿ ಕೂತು ನೋಡಬಹುದೇ ಎಂದು ಕೇಳಿದಳು.

"ಬನ್ನಿ," ಎಂದ. "ಬಕೆಟ್ಟು ಇಲ್ಲೇ ಇರುತ್ತೆ."

*

ಆರು ದಿನ ಬೆಳಿಗ್ಗೆ ಅವಳು ಹೋದಳು. ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದಳು.

ಮೇಷ್ಟ್ರು ಅಜ್ಜಿಯ ಮುಂದೆ ಬಾಚಣಿಗೆಯ ಚಿತ್ರದ ಕಾರ್ಡು ಇಟ್ಟ. "ನಂಬರ್ ಹೇಳಿ," ಎಂದರು ಅಜ್ಜಿ. ಅವನು ಸುಮ್ಮನಿದ್ದ. ತಲೆಯಾಡಿಸಲಿಲ್ಲ, ನಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಕಾರ್ಡಿನ ಮೇಲೆ ಒಂದು ನೊಣ ಕೂತು, ಕೈ ಉಜ್ಜಿಕೊಂಡು, ಹಾರಿಹೋಯಿತು. ಅಜ್ಜಿಯ ತುಟಿ ಒಂದು ಕಡೆಗೆ ಸೊಟ್ಟಗಾಯಿತು. "ಬಾ..." ಅವನು ಸುಮ್ಮನಿದ್ದ. ಅಜ್ಜಿಯ ಬಾಯಿಂದ ಜೊಲ್ಲು ಇಳಿಯಿತು, ಒರೆಸಲೂ ಅವನು ಕೈ ಎತ್ತಲಿಲ್ಲ. ಸ್ಟೂಲಿನ ಮೇಲಿದ್ದವಳಿಗೆ ಇದು ಹಿಂಸೆ ಎನ್ನಿಸಿತು. ಶಬ್ದವನ್ನು ತಾನೇ ಕೂಗಿ ಹೇಳಿಬಿಡಲೇ ಎನ್ನಿಸಿತು.

"ಬಾಚ... ಬಾಚಣಿ."

"ಹೂಂ," ಎಂದ ಮೇಷ್ಟ್ರು.

ಅಷ್ಟೇ. ಎದೆಯ ಆಳದಿಂದ ಬಂದ ಒಂದು ಸಣ್ಣ ಹೂಂ. ಅಜ್ಜಿಯ ಮುಖ ನೋಡಬೇಕಿತ್ತು. ದೂರದ ಊರಿಗೆ ಎಷ್ಟು ಹೊತ್ತಿನಿಂದಲೋ ಸಿಗದಿದ್ದ ಲೈನು ತಟ್ಟನೆ ಸಿಕ್ಕಿದ ಹಾಗಿತ್ತು.

ಆಮೇಲೆ ಕಾರಿಡಾರಿನಲ್ಲಿ ಅವನೇ ಹೇಳಿದ, ಹೂಂ ಎನ್ನುವುದು ಎಲ್ಲರಿಗೂ ಬರುತ್ತದೆ, ಅನ್ನದೆ ಕೂರುವುದಕ್ಕೇ ತನಗೆ ಸಂಬಳ ಕೊಡುವುದು ಎಂದು.

ನಾಲ್ಕನೆಯ ದಿನದಿಂದ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಟೀ ಕುಡಿಯತೊಡಗಿದರು. ಅವಳು ಮಾತಾಡುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಅಕ್ಕನ ಜೊತೆಗಿನ ಎರಡು ಕೋಣೆಯ ಮನೆ, ಬಸ್ಸಿನಲ್ಲಿ ಕಾಲು ತುಳಿದವನು, ಚಿಕ್ಕಂದಿನಲ್ಲಿ ನುಂಗಿದ ಅಂಗಿಯ ಗುಂಡಿ... ಎಲ್ಲಕ್ಕೂ ಹೂಂ. ಹೀಗೆ ಹೇಳುತ್ತ ಹೇಳುತ್ತ, "ನನಗೆ ನನ್ನ ಕೆಲಸ ತುಂಬಾ ಇಷ್ಟ," ಎಂದಳು.

ಹೂಂ ಬರಲಿಲ್ಲ.

ಅವಳು ಕಾಯ್ದಳು. ಅವನು ಕಪ್ಪಿನ ಅಂಚು ನೋಡುತ್ತ ಕೂತಿದ್ದ.

"ಇಷ್ಟ ಇತ್ತು," ಎಂದಳು ಮೆಲ್ಲಗೆ.

"ಹೂಂ."

ಬಾಯಿಗೆ ಬಂದ ಸುಳ್ಳು ಬಾಯಲ್ಲೇ ಹಳಸಿಹೋಗುವಂತೆ ಮಾಡಬಲ್ಲ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಇವನ ಎದುರಿಗೆ ಹೇಳಲು ನನ್ನ ಹತ್ತಿರ ನಿಜ ಎಷ್ಟಿದೆ ಎಂದು ಅವತ್ತು ಬಸ್ಸಿನಲ್ಲಿ ಯೋಚಿಸಿದಳು. ಯೋಚಿಸುತ್ತ ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು.

ಅವಳ ಅಕ್ಕ ಹಲ್ಲಿನ ಕ್ಲಿನಿಕ್ಕಿನಲ್ಲಿ ಜನರ ಹಲ್ಲು ಶುಚಿ ಮಾಡುವವಳು. ತಂಗಿಯ ವರದಿಯನ್ನೆಲ್ಲ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟೊತ್ತು ಅವನ ಹೂಂ ಬಗ್ಗೆ ಹೇಳಿದ್ಯಲ್ಲೇ, ಹಲ್ಲು ಹೇಗಿದೆ?"

"ನೋಡಿಲ್ಲ ಕಣೇ."

"ನೋಡಬೇಡ. ಹಲ್ಲು ನೋಡಿದ ಮೇಲೆ ನಾನು ಇವತ್ತಿನವರೆಗೂ ಒಬ್ಬನನ್ನೂ ಒಪ್ಪಿಲ್ಲ."

*

ಆ ಕಾಯುವಿಕೆಯನ್ನು ಯಂತ್ರಕ್ಕೆ ಕಲಿಸಬೇಕು. ಇದು ಅವಳಿಗೆ ಹೊಳೆದದ್ದು. ಆಲೋಚನೆ ಒಳ್ಳೆಯದೇ. ಹೊಳೆದವಳ ಮನಸ್ಸೂ ಒಳ್ಳೆಯದೇ. ಅಜ್ಜಿಯ ಪಾಠಗಳನ್ನು ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದಳು. ಅಜ್ಜಿಯ ಮಗಳು ಒಪ್ಪಿದಳು, ಮೇಷ್ಟ್ರೂ ಒಪ್ಪಿದ. ಅವಳು ಟ್ಯಾಬ್ಲೆಟ್ ಅವನ ಮುಂದೆ ಹಿಡಿದಳು. ಬಿಳಿಯ ಪುಟ, ಎರಡು ಸಾಲು ಬರಹ, ಅದರ ಕೆಳಗೆ ದುಂಡನೆಯ ಹಸಿರು ಗುಂಡಿ.

"ಏನು ಬರೆದಿದೆ ಇದರಲ್ಲಿ?"

"ಸುಮ್ನೆ ಪದ್ಧತಿಗೆ. ಎಲ್ಲರೂ ಒತ್ತುತ್ತಾರೆ."

ಅವನು ಪುಟವನ್ನು ನೋಡಲಿಲ್ಲ, ಅವಳನ್ನು ನೋಡಿದ. ನೋಡಿ, ಒತ್ತಿದ. ನಾಲ್ಕು ಸೆಕೆಂಡು.

ಆ ನಾಲ್ಕು ಸೆಕೆಂಡು ಅವಳ ಹೆಮ್ಮೆಯಾಗಿತ್ತು. ಅವಳು ಕೆಲಸಕ್ಕೆ ಸೇರುವ ಮೊದಲು ಜನ ಆ ಪುಟದಲ್ಲಿ ಎರಡು ನಿಮಿಷ ನಿಲ್ಲುತ್ತಿದ್ದರು. ಕೆಲವರು ಓದಿ ಹಿಂದೆ ಸರಿಯುತ್ತಿದ್ದರು. ಅವಳು ಬರಹವನ್ನು, ಒತ್ತಿದರೆ ಮಾತ್ರ ತೆರೆಯುವ ಒಂದು ತೆಳು ಬೂದು ಗೆರೆಯ ಹಿಂದೆ ಸರಿಸಿದಳು. ಗುಂಡಿಯನ್ನು ಹೆಬ್ಬೆರಳಿಗೆ ತಾನಾಗಿ ಎಟಕುವ ಜಾಗಕ್ಕೆ ತಂದಳು. ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದರು. ಅವತ್ತಿನಿಂದ ಅವಳಿಗೆ 'ಹಸಿರು ಗುಂಡಿ' ಎಂದೇ ಅಡ್ಡಹೆಸರು ಬಿದ್ದಿತ್ತು.

ಯಾರೂ ಓದದ ಹಾಗೆ ಮಾಡಿದ ಪುಟವನ್ನು ಮಾಡಿದವಳೂ ಓದಿರಲಿಲ್ಲ. ಬೂದು ಗೆರೆಯ ಹಿಂದೆ ವಕೀಲರು ವರ್ಷವಿಡೀ ಏನೇನು ತುಂಬುತ್ತ ಬಂದಿದ್ದರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳ ಬಾಸ್‌ನನ್ನು ಬೆನ್ನ ಹಿಂದೆ ಅಂಟಣ್ಣ ಎನ್ನುತ್ತಿದ್ದರು. ಜನ ಯಂತ್ರವನ್ನು ಎಷ್ಟು ಹೊತ್ತು ಬಿಡದೆ ಹಿಡಿದಿರುತ್ತಾರೋ ಅದಕ್ಕೆ ಅವನು ಇಟ್ಟ ಹೆಸರು 'ಅಂಟು'. ಈ ವಾರ ಅಂಟು ಹೇಗಿದೆ, ಮುದುಕರಲ್ಲಿ ಅಂಟು ಜಾಸ್ತಿ, ಗಂಡ ಸತ್ತವರಲ್ಲಿ ಇನ್ನೂ ಜಾಸ್ತಿ. ಮಾತಾಡುವಾಗ ತುಟಿಯ ಮೂಲೆಯಲ್ಲಿ ಬಿಳಿ ನೊರೆ ಕಟ್ಟುತ್ತಿತ್ತು, ನಾಲಿಗೆಯಿಂದ ಅದನ್ನು ಒಳಗೆ ಎಳೆದುಕೊಳ್ಳುತ್ತಿದ್ದ.

ಅವಳು ಅಂಟಣ್ಣನಿಗೆ ಕೊಟ್ಟ ರೆಕಾರ್ಡಿಂಗಿನಲ್ಲಿ ನಲವತ್ತು ನಿಮಿಷದ ಮೌನವಿತ್ತು, ಹತ್ತೊಂಬತ್ತು ಹೂಂ ಇತ್ತು. ಅವನು ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದ. ಆಮೇಲೆ ನಲವತ್ತು ನಿಮಿಷವನ್ನು ಅಳಿಸಿ ಹತ್ತೊಂಬತ್ತು ಹೂಂಗಳನ್ನು ಇಟ್ಟುಕೊಂಡ. ಜನ ಬಾಯಿ ಮುಚ್ಚಿದ ಮುಕ್ಕಾಲು ಸೆಕೆಂಡಿಗೆ ಒಂದು ಹೂಂ ಬರಲಿ, ಆಮೇಲೆ ಅಂಟು ನೋಡು ಎಂದ. ಕಾಯುವುದೇ ಮುಖ್ಯ ಎಂದು ಅವಳು ವಾದ ಮಾಡಿದಳು. ಆಫೀಸಿನೊಳಗಿನ ಇಪ್ಪತ್ತು ಯಂತ್ರಗಳಲ್ಲಿ ಮಾತ್ರ, ಸುಮ್ಮನೆ ಪರೀಕ್ಷೆಗೆ ಎಂದು ಅವನು ಸಮಾಧಾನ ಹೇಳಿದ. ಅವಳು ನಂಬಿದಳು. ಪ್ರೀತಿಯಲ್ಲಿ ಬಿದ್ದವರಿಗೆ ನಂಬುವುದು ಅನುಕೂಲ. ಜಗಳವಾಡುತ್ತ ಕೂತರೆ ಟೀ ಹೊತ್ತು ತಪ್ಪುತ್ತದೆ.

*

ಒಂದು ಬುಧವಾರ ಬೆಳಿಗ್ಗೆ ಅವಳು ಎರಡು ಕಪ್ ಟೀ ಹಿಡಿದು ವಾರ್ಡಿಗೆ ಬಂದಾಗ ಮೇಷ್ಟ್ರು ನಡುವಿನ ದಾರಿಯಲ್ಲಿ ನಿಂತುಬಿಟ್ಟಿದ್ದ.

ಮೂರನೆಯ ಹಾಸಿಗೆಯ ದಿಂಬಿನ ಕೆಳಗಿಂದ ಅವನ ಹೂಂ ಬಂತು. ಕಿಟಕಿಯ ಪಕ್ಕದ ಮುದುಕನ ಮಡಿಲಿಂದ ಅವನ ಹೂಂ ಬಂತು. ಯಾರೋ ಕೆಮ್ಮಿದರು, ಹೂಂ. ಯಾರೋ ನರಳಿದರು, ಹೂಂ. ಹನ್ನೆರಡು ಹಾಸಿಗೆ, ಹನ್ನೆರಡು ಗಂಟಲು, ಒಂದೇ ದನಿ. ಕೆರೆಯಂಚಿನಲ್ಲಿ ಕೂತ ಕಪ್ಪೆಗಳ ಹಾಗೆ ಒಂದರ ಹಿಂದೆ ಒಂದು. ಟೆಲಿಫೋನ್ ಅಜ್ಜಿ ಕಲ್ಲನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದರು. "ನಂಬರ್ ಹೇಳಿ." ಹೂಂ. "ನಂಬರ್ ಹೇಳಿ." ಹೂಂ.

ಅವನು ಕೈತೊಳೆಯುವ ಬೇಸಿನ್ನಿಗೆ ಬಾಗಿ ವಾಂತಿ ಮಾಡಿದ.

ಅವಳು ಹತ್ತಿರ ಹೋದಳು. ಬಾಯಿ ಒರೆಸಿಕೊಂಡು ಅವನು ಕೇಳಿದ, "ಆವತ್ತು ಒತ್ತಿದ್ದು ಇದಕ್ಕಾ?"

"ನನಗೆ ಗೊತ್ತಿರಲಿಲ್ಲ."

ಅವನು ಸುಮ್ಮನೆ ನೋಡಿದ.

"ಇಷ್ಟು ಅಂತ ಗೊತ್ತಿರಲಿಲ್ಲ," ಎಂದಳು.

"ಬೆಂಚಿನ ಮೇಲೆ ಟೀ ಕುಡಿದದ್ದೂ ರೆಕಾರ್ಡಿಂಗಾ ಮೇಡಂ?"

ಇಲ್ಲ ಎಂದಳು. ದೇವರಾಣೆ ಇಲ್ಲ ಎಂದಳು. ನಿಜ ಹೇಳಿದರೂ ಅವಳಿಗೆ ಹೂಂ ಸಿಗದೆ ಹೋದದ್ದು ಅದೇ ಮೊದಲು. ಟೀ ಕಪ್ಪುಗಳನ್ನು ಅವಳು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಬಂದಳು. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಕೆನೆ ಕಟ್ಟಿತ್ತು, ಕೆನೆಗೆ ಇರುವೆ ಮುತ್ತಿತ್ತು. ನೆಲ ಒರೆಸುವವಳು ಎತ್ತಿ ಎಸೆದಳು.

ಆಮೇಲಿನ ದಿನಗಳಲ್ಲಿ ಅವಳು ಕೈ ತೊಳೆದದ್ದೇ ತೊಳೆದದ್ದು. ಎಷ್ಟು ತೊಳೆದರೂ ಬೆರಳಿನಲ್ಲಿ ಆ ರಬ್ಬರಿನ ಬೆಚ್ಚಗಿನ ಜಿಗುಟು ಹೋಗಲಿಲ್ಲ. ಸೋಪಿನ ಮುಂದೆ ನಿಂತವಳನ್ನು ನೋಡಿ ಅಕ್ಕ, "ನಾನು ದಿನಾ ಜನರ ಬಾಯಿಂದ ಹೊಲಸು ತೆಗೀತೀನಿ. ನೀನು ಅವನ ಬಾಯಿಗೆ ತುಂಬಿ ಬಂದಿದ್ದೀಯಲ್ಲೇ," ಎಂದಳು. ಹಾಗೆಂದು ತಾನೇ ಟವೆಲ್ ತಂದು ತಂಗಿಯ ಕೈ ಒರೆಸಿದಳು, ಮಗುವಿನ ಕೈ ಒರೆಸುವ ಹಾಗೆ, ಒಂದೊಂದೇ ಬೆರಳು.

ಒಂದು ಸಲ ಅವನಿಗೆ ಫೋನ್ ಮಾಡಿದಳು. ಅವನು ಎತ್ತಿದ, ಮಾತಾಡಲಿಲ್ಲ. ಹೂಂ ಇಲ್ಲದ ಫೋನಿಗೆ ಮಾತಾಡುವುದು ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಿವಿಗೊಟ್ಟ ಹಾಗೆ. ನಾಲ್ಕು ವಾಕ್ಯವಾದ ಮೇಲೆ ತನ್ನ ದನಿಯೇ ತನಗೆ ಹೇಸಿಗೆಯಾಯಿತು. ಇಟ್ಟುಬಿಟ್ಟಳು.

ಅವಳಿಗೆ ತಿಳಿಯದ ಸಂಗತಿಯೊಂದಿತ್ತು. ಅವನು ಅವಳೊಬ್ಬಳಿಗೇ ಅಲ್ಲ, ಯಾರಿಗೂ ಹೂಂ ಎನ್ನುತ್ತಿರಲಿಲ್ಲ. ಹೊರಡಿಸಲು ಹೋದರೆ ಬೇಸಿನ್ನಿನ ಕಹಿ ಗಂಟಲಿಗೆ ಬರುತ್ತಿತ್ತು. ಪಾಠದಲ್ಲಿ ತಲೆಯಾಡಿಸಿ ನೋಡಿದ, ಚಪ್ಪಾಳೆ ತಟ್ಟಿ ನೋಡಿದ. ಶಿಷ್ಯರು ಅವನ ಮುಖ ನೋಡಿ ಕಲ್ಲಿನ ಕಡೆಗೆ ತಿರುಗಿದರು. ಅದು ಕಾಯಿಸುತ್ತಿರಲಿಲ್ಲ. ಬೆವರಿಳಿಸುತ್ತಿರಲಿಲ್ಲ. ಏನು ಅಂದರೂ ಒಪ್ಪುತ್ತಿತ್ತು.

ಒಂದು ಸಂಜೆ ಅವಳು ಬೂದು ಗೆರೆ ಒತ್ತಿ, ತನ್ನದೇ ಪುಟವನ್ನು ಮೊದಲ ಬಾರಿ ಓದಿದಳು. ಮೂವತ್ತೊಂದು ಪುಟ. ಗುಂಡಿ ಒತ್ತಿದವರ ದನಿ, ದನಿಯ ಸುತ್ತಲಿನ ಸದ್ದು, ಎಲ್ಲ ಯಂತ್ರಗಳಿಗೆ, ಎಂದೆಂದಿಗೂ. ಇಪ್ಪತ್ತೊಂಬತ್ತನೆಯ ಪುಟದಲ್ಲಿ ಒಂದು ಸಾಲು: ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು.

ಆ ದಾರಿ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾನೂನಿಗೆ ಬಾಗಿಲು ಇರಬೇಕು, ಜನರಿಗೆ ಕಾಣಬಾರದು ಎಂದು ಅಂಟಣ್ಣ ಹೇಳಿದ್ದಕ್ಕೆ ಆ ಬಾಗಿಲನ್ನು ಕಟ್ಟಿದವಳು ಅವಳೇ. ಹನ್ನೊಂದು ಪರದೆ. ದನಿಯ ಒಡೆಯ ಮಾತ್ರ, ತನ್ನದೇ ಬೆರಳಿನಿಂದ ದಾಟಬೇಕು. ಪರೀಕ್ಷೆಗೆ ಕೂರಿಸಿದವರಲ್ಲಿ ಐದನೆಯದನ್ನು ದಾಟಿದವರಿರಲಿಲ್ಲ.

ಅವನಿಗೆ ಹೇಳಬಹುದಿತ್ತು. ಹೇಳಿದರೆ ಇದನ್ನೂ ನಾನೇ ಮಾಡಿದೆ ಎನ್ನಬೇಕಿತ್ತು. ಅವಳು ಮೂರು ವಾರ ಬಾಯಿ ಮುಚ್ಚಿಕೊಂಡಿದ್ದಳು.

*

ಸೋಮವಾರದ ಸಭೆಯಲ್ಲಿ ಅಂಟಣ್ಣ ಗೋಡೆಯ ಮೇಲೆ ಒಂದು ನಕ್ಷೆ ಹಾಕಿದ. ಉದ್ದನೆಯ ಕೆಂಪು ಕಂಬ. ಒಬ್ಬ ಬಳಕೆದಾರಳು ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹೊತ್ತು ಯಂತ್ರವನ್ನು ಕೆಳಗಿಡದೆ ಮಾತಾಡಿದ್ದಾಳೆ, ಇದು ನಮ್ಮ ಇತಿಹಾಸದಲ್ಲೇ ದೊಡ್ಡ ಅಂಟು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಸ್ವಲ್ಪ ಕೇಳಿಸಿದ.

"ನಂಬರ್ ಹೇಳಿ."

ಹೂಂ.

"ನಂಬರ್ ಹೇಳಿ..."

ಹೂಂ.

ದನಿ ಒಣಗಿತ್ತು. ನಾಲಿಗೆ ಅಂಗುಳಿಗೆ ಅಂಟಿ ಬಿಡಿಸಿಕೊಳ್ಳುವ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ನಡುವೆ ಒಂದೇ ಒಂದು ಸಲ, ಬಹಳ ಕಷ್ಟದಿಂದ, "ನೀ..." ಎಂದಿತು ಆ ದನಿ. ಅಲ್ಲಿ ಕಾಯಬೇಕಿತ್ತು. ಮುಕ್ಕಾಲು ಸೆಕೆಂಡಿಗೆ ಹೂಂ ಬಂತು. ಶಬ್ದ ಅಲ್ಲೇ ಸತ್ತಿತು. "ನಂಬರ್ ಹೇಳಿ," ಎಂದಿತು ದನಿ.

ನಾಲ್ಕು ಗಂಟೆ ಅಜ್ಜಿ ನೀರು ಕೇಳಿದ್ದರು.

ಅವಳು ಎದ್ದಳು. ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಹೋಗುವಾಗ ಕೊರಳಿನ ಗುರುತಿನ ಚೀಟಿಯನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದ್ದು ಅವಳಿಗೇ ನೆನಪಿಲ್ಲ.

*

ಅಜ್ಜಿ ಬದುಕಿದ್ದರು. ಕೈಗೆ ಡ್ರಿಪ್ ಹಾಕಿದ್ದರು, ತುಟಿ ಬಿರಿದು ರಕ್ತದ ಗೆರೆ ಒಣಗಿತ್ತು. ಭಾನುವಾರ ಮೇಷ್ಟ್ರಿಗೆ ರಜೆ. ನೀರಿನ ಲೋಟ ಕೈಗೆಟಕದ ಮೇಜಿನ ಮೇಲಿತ್ತು. ಹಾದುಹೋದ ನರ್ಸುಗಳೆಲ್ಲ ಅಜ್ಜಿ ಖುಷಿಯಾಗಿ ಯಾರ ಜೊತೆಗೋ ಮಾತಾಡುತ್ತಿದ್ದಾರೆ ಎಂದುಕೊಂಡು ಮುಂದೆ ಹೋಗಿದ್ದರು.

ಮೇಷ್ಟ್ರು ಹಾಸಿಗೆಯ ಪಕ್ಕಕ್ಕೆ ಬೆಂಚು ಎಳೆದುಕೊಂಡು ಕೂತು ಒದ್ದೆ ಹತ್ತಿಯಿಂದ ಆ ತುಟಿಗಳನ್ನು ಒತ್ತುತ್ತಿದ್ದ. ಅವಳು ಬಂದು ಎದುರಿಗೆ ನಿಂತಳು. ಕ್ಷಮಿಸಿ ಎನ್ನಲಿಲ್ಲ. ಆ ಶಬ್ದಕ್ಕೂ ಎಂಜಲು ಮೆತ್ತಿದೆ ಎನ್ನಿಸಿತ್ತು.

"ನಿಮ್ಮ ದನಿ ವಾಪಸ್ ತಗೊಳ್ಳೋಕೆ ದಾರಿ ಇದೆ. ಮೂರು ವಾರದಿಂದ ಗೊತ್ತಿತ್ತು, ಹೇಳಲಿಲ್ಲ. ಆ ದಾರಿ ಸಿಗದ ಹಾಗೆ ಬಚ್ಚಿಟ್ಟವಳು ನಾನೇ."

ಅವನು ಹತ್ತಿಯನ್ನು ಬಟ್ಟಲಿಗೆ ಹಾಕಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಅವಳ ಕೈಗಿಟ್ಟು, ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟ.

ಅವಳು ಹಿಡಿದು ದಾರಿ ತೋರಿದಳು, ಅವನು ತನ್ನ ಬೆರಳಿನಿಂದ ಒತ್ತುತ್ತ ಹೋದ. ಮೊದಲ ಎರಡು ಪರದೆ ಸಲೀಸು. ಮೂರನೆಯದರಲ್ಲಿ ಗುಂಡಿಗಳು ಜಾಗ ಬದಲಾಯಿಸುತ್ತವೆ, ಬಲಗಡೆಯದನ್ನು ಒತ್ತಬೇಡಿ ಎಂದಳು. ಐದನೆಯದರಲ್ಲಿ ಮಸುಕಾಗಿ ಸತ್ತಂತೆ ಕಾಣುವುದೇ ನಿಜವಾದ ಗುಂಡಿ ಎಂದಳು. ಆರನೆಯದು 'ನೀವು ಒಂಟಿಯಾಗುತ್ತೀರಿ' ಎಂದು ಬರೆದು ಒಂದು ಮುದುಕಿಯ ಚಿತ್ರ ತೋರಿಸಿತು. ಅವನು ಚಿತ್ರವನ್ನು ನೋಡಿದ, ಹಾಸಿಗೆಯನ್ನು ನೋಡಿದ, ಇವಳನ್ನು ನೋಡಿದ. ಅವಳು ತಲೆ ಎತ್ತಲಿಲ್ಲ. ಒಳ್ಳೆಯ ಕೈಯ ಕೆಲಸ. ಎಲ್ಲೂ ಬಿರುಕಿಲ್ಲ. ತಾನು ಹೊಲಿದ ಬಟ್ಟೆಯಲ್ಲಿ ಹೇನು ಹುಡುಕುವ ಹಾಗಿತ್ತು ಅವಳಿಗೆ.

ಏಳನೆಯ ಪರದೆ ತೊಂಬತ್ತು ಸೆಕೆಂಡು ಕಾಯಿಸುತ್ತದೆ. ಜನ ಬೇಸತ್ತು ಎದ್ದುಹೋಗಲಿ ಎಂದು. ಒಂದು ಬಿಳಿ ಚಕ್ರ ತಿರುಗತೊಡಗಿತು.

"ಟೀ ಕುಡೀತಿದ್ದಾಗ ಯಾವ ರೆಕಾರ್ಡಿಂಗೂ ಇರಲಿಲ್ಲ," ಎಂದಳು ಚಕ್ರವನ್ನೇ ನೋಡುತ್ತ. "ನಿಮಗೆ ಹೇಳೋಕೆ ಅಂತ ಬಸ್ಸಿನಲ್ಲಿ ದಿನಾ ಒಂದು ನಿಜ ಹುಡುಕ್ತಿದ್ದೆ. ಕಡೇದು ಒಂದು ಉಳಿದುಬಿಡ್ತು. ನಿಮ್ಮನ್ನ ಬಿಟ್ಟು ಇನ್ಯಾರ ಎದುರಿಗೂ ನನಗೆ ಬಾಯಿ ತೆಗಿಯೋಕೆ ಇಷ್ಟ ಇಲ್ಲ ಮೇಷ್ಟ್ರೇ. ಪ್ರೀತಿ ಅಂದ್ರೆ ಇದೇ ಇರಬೇಕು."

ಚಕ್ರ ತಿರುಗಿತು. ಅವನು ಸುಮ್ಮನಿದ್ದ.

"ಸುಳ್ಳು ಅನ್ನಿಸ್ತಾ?"

"ಇಲ್ಲ." ಅವನ ದನಿ ಒಡೆದಿತ್ತು. "ಸುಳ್ಳು ಅಂತ ಸುಮ್ಮನಿಲ್ಲ. ಬರ್ತಾ ಇಲ್ಲ. ಆವತ್ತಿನಿಂದ ಯಾರಿಗೂ ಬರ್ತಾ ಇಲ್ಲ. ಬಾಯಿ ತೆಗೆದ್ರೆ ನಾನೇ ಆ ಕಲ್ಲು ಅನ್ನಿಸುತ್ತೆ."

ಅವಳಿಗೆ ಆಗ ಗೊತ್ತಾಯಿತು, ತಾನು ಏನು ತೆಗೆದುಕೊಂಡೆ ಎಂದು. ಅಳು ಬರಲಿಲ್ಲ. ತನ್ನನ್ನು ತಾನು ಬಕೆಟ್ಟಿನಲ್ಲಿ ಮುಳುಗಿಸಿ ಅರ್ಧ ಗಂಟೆ ಕಾಯೋಣ ಎನ್ನಿಸಿತು.

ಅಷ್ಟರಲ್ಲಿ ಅವಳ ಫೋನ್ ಅದುರತೊಡಗಿತು. ಯಾರಾದರೂ ಏಳನೆಯ ಪರದೆಗೆ ಬಂದರೆ ಆಫೀಸಿಗೆ ಸುದ್ದಿ ಹೋಗುತ್ತದೆ. ಅಂಟಣ್ಣ. ಅವಳು ಅದನ್ನು ಮಗುಚಿ ಬೆಂಚಿನ ಮೇಲಿಟ್ಟಳು. ಅದು ಅದುರುತ್ತ ಅದುರುತ್ತ ಅಂಚಿಗೆ ಸರಿದು ಕೆಳಗೆ ಬಿತ್ತು. ಇಬ್ಬರೂ ಎತ್ತಲಿಲ್ಲ.

ಎಂಟು, ಒಂಬತ್ತು ದಾಟಿದವು. ಹತ್ತನೆಯ ಪರದೆ ಮಾತಾಡುತ್ತದೆ. ಯಾರ ದನಿಯನ್ನು ಹಿಂಪಡೆಯುತ್ತಾರೋ ಅವರದೇ ದನಿಯನ್ನು ಅವರಿಗೆ ಕೇಳಿಸುತ್ತದೆ. ಫೋನಿನಿಂದ ಅವನ ಹೂಂ ಬಂತು. ಒಂದರ ಹಿಂದೆ ಒಂದು, ಹತ್ತೊಂಬತ್ತೂ. ಅವನು ಮುಷ್ಟಿ ಬಿಗಿದು ಮುಖ ತಿರುಗಿಸಿದ.

ಹಾಸಿಗೆಯ ಮೇಲೆ ಅಜ್ಜಿ ಕಣ್ಣು ತೆರೆದರು. ಫೋನನ್ನು ನೋಡಿದರು. ಮೇಷ್ಟ್ರನ್ನು ನೋಡಿದರು. ಮತ್ತೆ ಫೋನನ್ನು ನೋಡಿದರು. ಹಣೆಯಲ್ಲಿ ಗೆರೆ ಮೂಡಿತು, ತುಟಿ ಒಂದು ಕಡೆಗೆ ಸೊಟ್ಟಗಾಯಿತು. ಬೆಂಚಿನ ಮೇಲಿದ್ದ ಇಬ್ಬರೂ ಕಾದರು. ಈ ಸಲ ಅವಳಿಗೂ ಸುಮ್ಮನಿರುವುದು ಬಂತು.

"ರಾ... ರಾಂಗ್," ಎಂದರು ಅಜ್ಜಿ. "ರಾಂಗ್ ನಂಬರ್."

"ಹೂಂ," ಎಂದ ಮೇಷ್ಟ್ರು.

ಅಂದ ಮೇಲೆ ಅವನೇ ಬೆಚ್ಚಿದ. ಗಂಟಲು ಮುಟ್ಟಿಕೊಂಡ. ಅಜ್ಜಿಯ ಮುಖದಲ್ಲಿ ಲೈನು ಸಿಕ್ಕಿತ್ತು. ಅವನು ನಕ್ಕ, ನಗುವಾಗ ಕಣ್ಣು ತುಂಬಿತು. ಹಲ್ಲು ಪರವಾಗಿಲ್ಲ, ಅಕ್ಕನಿಗೆ ಹೇಳಬೇಕು, ಎಂದುಕೊಂಡಳು ಅವಳು ಆ ಹೊತ್ತಿನಲ್ಲೂ.

"ಅದು ಅಜ್ಜಿಗೆ," ಎಂದ ಅವನು ಅವಳ ಕಡೆ ತಿರುಗಿ. "ನಿನ್ನದು ಬೇರೆ ಇದೆ."

ನಿನ್ನದು ಎಂದ. ನಿಮ್ಮದು ಎನ್ನಲಿಲ್ಲ.

"ಚಕ್ರ ತಿರುಗ್ತಾ ಇದ್ದಾಗ ಹೇಳಿದ್ಯಲ್ಲ, ಅದಕ್ಕೆ," ಎಂದು ಅವಳ ಕಿವಿಯ ಹತ್ತಿರ ಬಾಗಿ, ಎದೆಯ ಆಳದಿಂದ, ಯಾವ ಯಂತ್ರಕ್ಕೂ ಕೇಳಿಸದಷ್ಟು ಸಣ್ಣಗೆ, "ಹೂಂ."

ಅವಳು ಅವನ ಒದ್ದೆ ಬೆರಳುಗಳನ್ನು ಹಿಡಿದುಕೊಂಡಳು. ತಿಂಗಳಲ್ಲಿ ಮೊದಲ ಬಾರಿ ಅವಳ ಕೈ ಜಿಗುಟು ಎನ್ನಿಸಲಿಲ್ಲ.

"ನಾಳೆಯಿಂದ ಹನ್ನೆರಡು ಹಾಸಿಗೆಗೂ ನಾವೇ ಕೂರಬೇಕು," ಎಂದ. "ಕಲ್ಲು ಬಾಯಿ ಮುಚ್ಚಿದ ಮೇಲೆ ಎಲ್ಲರೂ ಅಳ್ತಾರೆ."

"ಕೂರ್ತೀನಿ. ಸುಮ್ಮನಿರೋದು ಪೂರ್ತಿ ಕಲಿಸಿಕೊಡು."

"ಅದಕ್ಕೆ ಬಹಳ ವರ್ಷ ಬೇಕು."

"ಗೊತ್ತು."

ಕೊನೆಯ ಪರದೆಯೊಂದು ಉಳಿದಿತ್ತು. ಇದು ಬೆರಳಿಗೆ ಬಗ್ಗಲ್ಲ, ಬಾಯಿಬಿಟ್ಟು ಹೇಳಬೇಕು ಎಂದು ಅವಳು ಪಿಸುಗುಟ್ಟಿದಳು. ಹತ್ತು ಸೆಕೆಂಡಿನೊಳಗೆ ಹೇಳದಿದ್ದರೆ, ಅಥವಾ ಅಭ್ಯಾಸಬಲದಿಂದ ಹೂಂ ಎಂದರೆ, ಎಲ್ಲ ಮೊದಲಿನಂತೆ.

ಅವನು ಹತ್ತನೆಯದನ್ನು ಒತ್ತಿ ಮುಂದೆ ಹೋದ. ಅವನದೇ ದನಿಯನ್ನು ಹಿಗ್ಗಿಸಿ, ಜೇನು ಸವರಿ ಮಾಡಿದ ದನಿಯೊಂದು ಮಾತಾಡಿತು. ಲಕ್ಷಾಂತರ ಒಂಟಿ ಜೀವಗಳು ನಿಮ್ಮನ್ನು ನಂಬಿವೆ. ನೀವು ಉಳಿದುಕೊಂಡರೆ ಈ ದನಿಗೆ ನಿಮ್ಮದೇ ಹೆಸರಿಡುತ್ತೇವೆ. ಪ್ರತಿಯೊಂದು ಮನೆಯಲ್ಲೂ ನಿಮ್ಮ ಹೆಸರು ಇರುತ್ತದೆ. ಉಳಿಯುತ್ತೀರಾ?

"ಇದನ್ನೂ ನೀನೇ ಬರೆದಿದ್ದಾ?" ಎಂದು ಅವನು ಸದ್ದಿಲ್ಲದೆ, ತುಟಿಯಲ್ಲಷ್ಟೇ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಅಸಹ್ಯದಿಂದ ಮೂಗು ಮುರಿದ. ಅವಳ ಕೈ ಬಿಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದುಕೊಂಡ.

"ಬೇಡ," ಎಂದ.